ಜೂನ್ ಒಂದರಂದು ಹುಟ್ಟಿದವರು



ಕಳೆದ ಜೂನ್ 1ರಂದು ಬೆಳಗಿನ ಲಿಂಗಪೂಜೆ ಮುಗಿಸಿ ಮೊಬೈಲ್ ಕೈಗೆತ್ತಿಕೊಂಡರೆ ಹುಟ್ಟುಹಬ್ಬದ ಶುಭಾಶಯಗಳು ಸಾಲುಗಟ್ಟಿ ನಿಂತಿದ್ದವು. ಮೊದಲನೆಯದು ಬ್ಯಾಂಕಿನದು. ಎರಡನೆಯದು ವಿಮೆಯವರದು. ಮೂರನೆಯದು ನಾಲ್ಕು ವರ್ಷದ ಹಿಂದೆ ನಾನು ಒಮ್ಮೆ ಕನ್ನಡಕ ಮಾಡಿಸಿದ ಅಂಗಡಿಯದು. ಆಮೇಲೆ ನಿವೃತ್ತ ಎಂಜಿನಿಯರುಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ ಹೂಗುಚ್ಛಗಳ ಚಿತ್ರಗಳು. ಆ ಗುಂಪಿನಲ್ಲಿ ಅಂದು ಹುಟ್ಟಿದವನು ನಾನೊಬ್ಬನೇ ಅಲ್ಲ, ಇನ್ನೂ ಹನ್ನೊಂದು ಮಂದಿ ಇದ್ದಾರೆ. ಒಬ್ಬರಿಗೊಬ್ಬರು ಶುಭ ಕೋರಿಕೊಂಡೆವು. ಅವರಲ್ಲಿ ಒಬ್ಬರು ಕೊರೊನಾ ಕಾಲದಲ್ಲೇ ಲಿಂಗೈಕ್ಯರಾದವರು. ಅವರ ನಂಬರನ್ನು ಯಾರೂ ತೆಗೆದಿಲ್ಲ. ಅವರ ಹೆಸರಿಗೂ ಏಳೆಂಟು ಹೂಗುಚ್ಛ ಬಂದವು. ಮಧ್ಯಾಹ್ನ ಅವರ ಮಗ ‘ಧನ್ಯವಾದಗಳು’ ಎಂದಷ್ಟೇ ಉತ್ತರ ಹಾಕಿದ.

ನಮ್ಮ ಪೈಕಿ ನಿಜವಾಗಿಯೂ ಜೂನ್ 1ರಂದು ಹುಟ್ಟಿದವರು ಒಬ್ಬರಾದರೂ ಇದ್ದಾರೆಯೇ ಎಂಬುದು ನನಗೆ ಅನುಮಾನ. ಅರವತ್ತು ದಾಟಿದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಾಲೆ ಶುರುವಾಗುವುದು ಜೂನ್ ತಿಂಗಳಲ್ಲಿ. ಅಪ್ಪ ಮಗನ ಕೈಹಿಡಿದು ತಂದು ನಿಲ್ಲಿಸುತ್ತಿದ್ದ. ಮಾಸ್ತರರು ಹುಟ್ಟಿದ ತಾರೀಖು ಕೇಳಿದರೆ ಅಪ್ಪ ಹಬ್ಬದ ಹೆಸರೋ ಸುಗ್ಗಿಯ ಹೆಸರೋ ಹೇಳುತ್ತಿದ್ದ. ಮಾಸ್ತರರು ಹುಡುಗನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಶಾಲೆಗೆ ಸೇರಿಸಲು ಎಷ್ಟು ವಯಸ್ಸು ಬೇಕೋ ಅಷ್ಟು ಆಗುವಂತೆ ಲೆಕ್ಕ ಹಾಕಿ ಜೂನ್ 1 ಎಂದು ಬರೆಯುತ್ತಿದ್ದರು. ನನ್ನದು ಹೀಗೆ 1-6-1958 ಆಯಿತು.

ಅವ್ವ ಹೇಳುತ್ತಿದ್ದುದು ಬೇರೆ. ಸೀಗಿಹುಣ್ಣಿಮೆಯ ಚರಗ ಚೆಲ್ಲಿ ಹೊಲದಿಂದ ಮನೆಗೆ ಬಂದ ರಾತ್ರಿಯೇ ಆಕೆಗೆ ಬ್ಯಾನಿ ಶುರುವಾಗಿ, ಮರುದಿನ ಬೆಳಗಾಗುವ ಮುಂಚೆ ನಾನು ಹುಟ್ಟಿದೆನಂತೆ. ಎಂಜಿನಿಯರಿಂಗ್ ಓದುವಾಗ ಹಳೆಯ ಪಂಚಾಂಗವೊಂದು ಸಿಕ್ಕಿತು. ನೋಡಿದರೆ ಆ ವರ್ಷದ ಸೀಗಿಹುಣ್ಣಿಮೆ ಅಕ್ಟೋಬರ್ ಕೊನೆಯ ವಾರದಲ್ಲಿ. ಅಂದರೆ ಕಾಗದದ ಮೇಲೆ ನಾನು ಐದು ತಿಂಗಳು ದೊಡ್ಡವನು. ತಿಂಗಳ ಮೊದಲ ದಿನ ಹುಟ್ಟಿದ ಸರ್ಕಾರಿ ನೌಕರ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತನಾಗುತ್ತಾನೆ. ಹೀಗಾಗಿ 2018ರ ಮೇ 31ರಂದು ನನ್ನ ಬೀಳ್ಕೊಡುಗೆ. ಅಂದು ನಮ್ಮ ಕಚೇರಿಯೊಂದರಲ್ಲೇ ಮೂವರಿಗೆ ಹಾರ ಹಾಕಿದರು. ಸರ್ಕಾರ ನನ್ನ ಐದು ತಿಂಗಳ ಸಂಬಳ ಉಳಿಸಿಕೊಂಡಿತೆಂದು ನಾನು ಭಾಷಣದಲ್ಲಿ ತಮಾಷೆ ಮಾಡಿದೆ. ಎಲ್ಲರೂ ನಕ್ಕರು. ಆ ಮಾಸ್ತರರ ಮೇಲೆ ನನಗೆ ಸಿಟ್ಟಿಲ್ಲ. ಅವರು ಹಾಗೆ ಬರೆಯದಿದ್ದರೆ ಆ ವರ್ಷ ನನಗೆ ಶಾಲೆ ಇರಲಿಲ್ಲ. ಮುಂದಿನ ವರ್ಷ ಅಪ್ಪ ಮತ್ತೆ ಕರೆತರುತ್ತಿದ್ದನೋ ಇಲ್ಲ ದನದ ಹಿಂದೆ ಕಳಿಸುತ್ತಿದ್ದನೋ ಹೇಳಲಾರೆ.

ಈ ಜೂನ್ 1ರಂದು ನನಗೆ ಕಾಗದದ 66 ತುಂಬಿತು. ಅಂದು ಸಂಜೆ ಬಂದ ಒಂದು ಫೋನ್ ಕರೆಯ ಬಗ್ಗೆ ಹೇಳಬೇಕೆಂದೇ ಈ ಲೇಖನಕ್ಕೆ ಕುಳಿತಿದ್ದೇನೆ. ಅದಕ್ಕೆ ಮೊದಲು ನಮ್ಮವರ ಹುಟ್ಟುಹಬ್ಬಗಳ ಬಗ್ಗೆ ಒಂದೆರಡು ಮಾತು ಆಡಲೇಬೇಕು.

ಅರವತ್ತು ತುಂಬಿದಾಗ ಮಗ, ಮಗಳು, ಬೀಗರು ಎಲ್ಲ ಸೇರಿ ಷಷ್ಟ್ಯಬ್ದಿ ಮಾಡಬೇಕೆಂದರು. ಜಾತಕ ಕೇಳಿದರು. ಯಾವ ತಾರೀಖಿನ ಜಾತಕ ಕೊಡಲಿ, ಮಾಸ್ತರರದೋ ಅವ್ವನದೋ ಎಂದು ಕೇಳಿದೆ. ತಮಾಷೆ ಬಿಟ್ಟು ಹೇಳುವುದಾದರೆ, ತಿಥಿ ವಾರ ನಕ್ಷತ್ರಗಳ ಭಯವನ್ನು ಶರಣರು ಎಂಟುನೂರು ವರ್ಷಗಳ ಹಿಂದೆಯೇ ಕಿತ್ತೊಗೆದರೆಂದು ವೇದಿಕೆಯ ಮೇಲೆ ನಾವೇ ಭಾಷಣ ಮಾಡುತ್ತೇವೆ. ಮನೆಗೆ ಬಂದ ಮೇಲೆ ಅರವತ್ತಕ್ಕೆ ಒಂದು ಶಾಂತಿ, ಎಪ್ಪತ್ತಕ್ಕೆ ಭೀಮರಥ ಶಾಂತಿ, ಎಂಬತ್ತರ ಮೇಲೆ ಸಹಸ್ರಚಂದ್ರ ದರ್ಶನ ಎಂದು ಪಟ್ಟಿ ಹಿಡಿದು ಕೂರುತ್ತೇವೆ. ಹೋಮ ಬೇಡವೆಂದು ನಾನು ಹಟ ಹಿಡಿದೆ. ಹೋಮ ತಪ್ಪಿತು, ಆದರೆ ಕಲ್ಯಾಣ ಮಂಟಪ ತಪ್ಪಲಿಲ್ಲ. ಇನ್ನೂರು ಎಲೆಯ ಊಟ, ಶಾಲು, ಫಲಪುಷ್ಪ. ಬಾಗಿಲಲ್ಲಿ ನನ್ನದೇ ಆಳೆತ್ತರದ ಫ್ಲೆಕ್ಸ್, ಅದರ ಮೇಲೆ ‘ಕಾಯಕಯೋಗಿ’ ಎಂಬ ಬಿರುದು. ಆ ಬಿರುದು ಕೊಟ್ಟವನು ಫ್ಲೆಕ್ಸ್ ಅಂಗಡಿಯ ಹುಡುಗ. ಅಂಥ ಫ್ಲೆಕ್ಸಿಗೆ ಅವನು ಯಾವಾಗಲೂ ಬಳಸುವ ಶಬ್ದವಂತೆ ಅದು. ನಾನು ಆ ಫ್ಲೆಕ್ಸನ್ನು ತೆಗೆಸಲಿಲ್ಲ. ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡೆ. ಇದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು.

ಹುಟ್ಟಿದ ದಿನವನ್ನು ಆಚರಿಸುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಹರ್ಡೇಕರ ಮಂಜಪ್ಪನವರು 1913ರಲ್ಲಿ ದಾವಣಗೆರೆಯಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸಲು ಆರಂಭಿಸಿದ್ದು ಒಂದು ಸಮಾಜವನ್ನು ಎಬ್ಬಿಸಲಿಕ್ಕೆ. ಬಸವಣ್ಣನವರು ಹುಟ್ಟಿದ ಇಸವಿಯ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ಅದರಿಂದ ಜಯಂತಿಗೆ ಏನೂ ಕೊರತೆಯಾಗಿಲ್ಲ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಊರೂರು ತಿರುಗಿ ಜೋಳಿಗೆ ಒಡ್ಡಿ, ಕಾಳುಕಡಿ ರೊಕ್ಕ ಬೇಡದೆ ‘ನಿಮ್ಮ ದುಶ್ಚಟ ಹಾಕಿರಿ’ ಎಂದು ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ನಮ್ಮ ರಾಜ್ಯ ಇಂದು ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ನಾನು ನಿವೃತ್ತನಾದ ಅದೇ ಮೇ ತಿಂಗಳಲ್ಲಿ ಅವರು ಲಿಂಗೈಕ್ಯರಾದರು. ಆ ಜೋಳಿಗೆಯನ್ನು ನಾನು ನೌಕರಿಯ ಕಾಲದಲ್ಲಿ ಒಮ್ಮೆ ಹತ್ತಿರದಿಂದ ನೋಡಿದ್ದೆ. ಜನ ಗುಟ್ಕಾ ಚೀಟಿ, ಬೀಡಿಯ ಕಟ್ಟು ಹಾಕುತ್ತಿದ್ದರು. ನನಗೆ ಯಾವ ಚಟವೂ ಇಲ್ಲವೆಂಬ ಸಮಾಧಾನದಲ್ಲಿ ಹಿಂದೆ ಕೈಕಟ್ಟಿ ನಿಂತಿದ್ದೆ.

ನಿವೃತ್ತಿಯ ಮರುದಿನ, ಅಂದರೆ 2018ರ ಜೂನ್ 1ರಂದು, ನಾನು ಕಂಪ್ಯೂಟರಿನಲ್ಲಿ ಒಂದು ಪಟ್ಟಿ ಮಾಡಿದೆ. ಎಂಜಿನಿಯರನ ಬುದ್ಧಿ. ಗುರಿ, ಪ್ರಾರಂಭದ ದಿನ, ಮುಗಿಸುವ ದಿನ, ಶೇಕಡಾವಾರು ಪ್ರಗತಿ ಎಂದು ನಾಲ್ಕು ಕಾಲಂ. ಒಟ್ಟು ಹತ್ತು ಗುರಿ. ದಿನಕ್ಕೆ ಐದು ಕಿಲೋಮೀಟರ್ ನಡಿಗೆ. ಸಕ್ಕರೆ ಕಾಯಿಲೆ ಹತೋಟಿ. ಸಮಗ್ರ ವಚನ ಸಂಪುಟದ ಹದಿನೈದೂ ಸಂಪುಟಗಳ ಓದು. ಹಾರ್ಮೋನಿಯಂ. ಉಳವಿ, ಕೂಡಲಸಂಗಮ, ಬಸವಕಲ್ಯಾಣ ಯಾತ್ರೆ. ಮನೆಯ ಮೇಲೆ ಇನ್ನೊಂದು ಅಂತಸ್ತು. ಆತ್ಮಕಥೆ. ಉಳಿದವು ನೆನಪಿಡುವಂಥವಲ್ಲ. ಆರು ವರ್ಷದ ಮೇಲೆ ಪಟ್ಟಿ ತೆಗೆದು ನೋಡಿದೆ. ಅಂತಸ್ತು ಎದ್ದಿದೆ, ಯಾತ್ರೆ ಆಗಿದೆ. ನಡಿಗೆ ಮೊಣಕಾಲಿನ ಇಚ್ಛೆಯಂತೆ ನಡೆದಿದೆ. ಸಂಪುಟಗಳು ಮೂರನೆಯದರಲ್ಲಿ ನಿಂತಿವೆ. ಹಾರ್ಮೋನಿಯಂ ಮೇಲೆ ಮನೆಯವರು ಇಸ್ತ್ರಿ ಮಾಡಿದ ಬಟ್ಟೆ ಇಡುತ್ತಾರೆ.

ಆದರೆ ನನಗೆ ನೋವಾದದ್ದು ಮುಗಿಯದ ಗುರಿಗಳಿಂದಲ್ಲ. ಆ ಪಟ್ಟಿಯಲ್ಲಿ ಇದ್ದವೆಲ್ಲ ಹೊಸ ಕಾಮಗಾರಿಗಳೇ ಎಂಬುದು ಆಗ ಕಣ್ಣಿಗೆ ಬಿತ್ತು. ಮೂವತ್ತೈದು ವರ್ಷ ನೀರಾವರಿಯಲ್ಲಿ ದುಡಿದವನು ನಾನು. ಹೊಸ ಕಾಮಗಾರಿಗೆ ಅಡಿಗಲ್ಲು ಇದೆ, ಹೆಸರಿನ ಫಲಕ ಇದೆ, ದುಡ್ಡೂ ಇದೆ. ನಿರ್ವಹಣೆಗೆ ಇವು ಯಾವುವೂ ಇಲ್ಲ. ಗೇಟಿನ ತಿರುಪಿಗೆ ಗ್ರೀಸು ಹಚ್ಚಿದ್ದಕ್ಕೆ ಯಾರೂ ಕಲ್ಲು ನೆಡುವುದಿಲ್ಲ. ಆದರೆ ಕಾಲುವೆ ಸಾಯುವುದು ಹೂಳಿನಿಂದ, ತುಕ್ಕಿನಿಂದ, ಬದಿಯ ಸಣ್ಣ ಬಿರುಕಿನಿಂದ. ನಮ್ಮ ಮಲಪ್ರಭೆಯ ಸೀಮೆಯ ಎರೆಮಣ್ಣನ್ನು ಬಲ್ಲವರಿಗೆ ಇನ್ನೊಂದು ಮಾತು ಗೊತ್ತು. ಎರೆಯ ಮೇಲೆ ನೇರವಾಗಿ ಕಾಂಕ್ರೀಟ್ ಹಾಸಿದರೆ, ನೀರು ಇಳಿದಾಗ ಕೆಳಗಿನ ಮಣ್ಣು ಉಬ್ಬಿ ಹಾಸನ್ನು ಎತ್ತಿ ಒಡೆಯುತ್ತದೆ. ಅದಕ್ಕೇ ಉಬ್ಬದ ಮಣ್ಣಿನ ಒಂದು ಪದರನ್ನು ನಡುವೆ ತುಂಬುವ ಪದ್ಧತಿ ಬಂತು. ಮೇಲೆ ಎಷ್ಟೇ ನುಣುಪಾಗಿ ಗಿಲಾಯಿ ಮಾಡಿದರೂ ಕೆಳಗೆ ಏನು ಬಿಟ್ಟು ಬಂದಿದ್ದೇವೆ ಎಂಬುದು ಒಂದಲ್ಲ ಒಂದು ದಿನ ಮೇಲೆ ಬರುತ್ತದೆ. ನನ್ನದು ಮೇಲೆ ಬಂದದ್ದು ಕಳೆದ ನವೆಂಬರಿನಲ್ಲಿ, ಬ್ಯಾಂಕಿನಲ್ಲಿ.

ನವೆಂಬರ್ ಎಂದರೆ ಪಿಂಚಣಿದಾರರು ಬದುಕಿದ್ದೇವೆ ಎಂದು ಬ್ಯಾಂಕಿಗೆ ಬರೆದುಕೊಡುವ ತಿಂಗಳು. ಜೀವಿತ ಪ್ರಮಾಣಪತ್ರದ ಸಾಲಿನಲ್ಲಿ ಕುರ್ಚಿ ಹಿಡಿದು ಕೂತಿದ್ದೆ. ಎದುರಿನ ಸಾಲಿನಿಂದ ಒಬ್ಬರು ಎದ್ದು ಬಂದು ಕೈಮುಗಿದರು. ‘ಸಾಹೇಬ್ರ, ಗುರ್ತು ಸಿಕ್ತೇನ್ರಿ?’ ಸಿಕ್ಕಿತು. ನಾನು ಶಾಖೆಯ ಎಂಜಿನಿಯರಾಗಿದ್ದಾಗ ಕಾಲುವೆಯ ಮೇಲೆ ದಿನಗೂಲಿಯಲ್ಲಿದ್ದವರು. ಗೇಟು ಎತ್ತುವುದು, ಕಂಟಿ ಕಡಿಯುವುದು, ಮಳೆಗಾಲದ ರಾತ್ರಿ ಕಾಲುವೆಯ ದಂಡೆ ಕಾಯುವುದು ಅವರ ಕೆಲಸ. ಅವರ ಒಪ್ಪಿಗೆ ಕೇಳಿಲ್ಲವಾದ್ದರಿಂದ ಹೆಸರು ಬರೆಯುವುದಿಲ್ಲ. ಆ ಕಾಲದಲ್ಲಿ ನಾನು ಅವರನ್ನು ಏಕವಚನದಲ್ಲಿ ಕರೆಯುತ್ತಿದ್ದೆ. ನಮ್ಮ ಕಚೇರಿಯಲ್ಲಿ ಎಲ್ಲರೂ ಹಾಗೆಯೇ ಕರೆಯುತ್ತಿದ್ದರು. ಮನೆಯಲ್ಲಿ ಅಪ್ಪ, ಅಯ್ಯ, ಶರಣು ಎನ್ನುವ ಸಂಸ್ಕಾರ, ಕಾಲುವೆಯ ದಂಡೆಯ ಮೇಲೆ ‘ಏ ಬಾರೋ ಇಲ್ಲಿ’.

ಅವರು ಗಟ್ಟಿಮುಟ್ಟಾಗಿದ್ದರು. ಮೀಸೆಯಲ್ಲಿ ಇನ್ನೂ ಅರ್ಧ ಕಪ್ಪು. ನನಗಿಂತ ಹನ್ನೆರಡು ವರ್ಷ ಮೊದಲೇ ನಿವೃತ್ತರಾದವರು. ಸಲುಗೆಯಿಂದ ಹೇಳಿದೆ: ‘ನನಗಿಂತ ಹತ್ತು ವರ್ಷ ದೊಡ್ಡವರು ನೀವು, ನನ್ನ ತಮ್ಮನ ಹಾಗೆ ಕಾಣ್ತೀರಲ್ರೀ.’

ಅವರು ನಕ್ಕರು. ‘ನಾ ಎಲ್ಲಿ ದೊಡ್ಡಾಂವ್ರೀ ಸಾಹೇಬ್ರ. ನೀವು ಬರದ್ರಿ, ನಾ ಆದೆ.’

ನನಗೆ ಅರ್ಥವಾಗಲಿಲ್ಲ. ಅವರು ಹೇಳುತ್ತ ಹೋದಂತೆ ಒಂದೊಂದೇ ನೆನಪಾಯಿತು.

1990ರ ಆರಂಭದಲ್ಲಿ ಧಾರವಾಡ ಜಿಲ್ಲೆಯ ಲೋಕೋಪಯೋಗಿ ದಿನಗೂಲಿ ನೌಕರರ ಸಂಘದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಹತ್ತು ವರ್ಷ ದುಡಿದ ದಿನಗೂಲಿಗಳನ್ನು ಹಂತಹಂತವಾಗಿ ಕಾಯಂ ಮಾಡಬೇಕೆಂದು. ಇವತ್ತಿನ ಹುಡುಗರಿಗೆ ಅದರ ಬೆಲೆ ತಿಳಿಯಲಿಕ್ಕಿಲ್ಲ. ಇಡೀ ರಾಜ್ಯದಲ್ಲಿ ಸಾವಿರಾರು ಕುಟುಂಬಗಳಿಗೆ ಅದು ಮರುಹುಟ್ಟು. ಮೇಲಿನಿಂದ ನಮೂನೆಗಳು ಬಂದವು, ಮರುದಿನ ಬೆಳಿಗ್ಗೆಯೇ ತುಂಬಿ ಕಳಿಸಬೇಕು. ನನ್ನ ಶಾಖೆಯಲ್ಲಿ 34 ಮಂದಿ ಇದ್ದರು. ಅದರಲ್ಲಿ 23 ಮಂದಿ ಶಾಲೆಯ ಮುಖ ಕಂಡವರಲ್ಲ, ಹುಟ್ಟಿದ ತಾರೀಖಿನ ದಾಖಲೆ ಇಲ್ಲ. ವೈದ್ಯರ ಪ್ರಮಾಣಪತ್ರ ಆಮೇಲೆ ತರಿಸೋಣ, ಸದ್ಯ ಅಂದಾಜಿನಿಂದ ಬರೆಯೋಣ ಎಂದುಕೊಂಡೆ. ಸಂಜೆ ಗ್ಯಾಸ್ ಬತ್ತಿಯ ಬೆಳಕಿನಲ್ಲಿ ಒಬ್ಬೊಬ್ಬರನ್ನೇ ನಿಲ್ಲಿಸಿ, ಮುಖ ನೋಡಿ ಇಸವಿ ಬರೆದೆ. ದಿನ ಮತ್ತು ತಿಂಗಳು ಎಲ್ಲರದೂ ಒಂದೇ: ಜೂನ್ 1. ಆಮೇಲೆ ಬಂದ ವೈದ್ಯರ ಪ್ರಮಾಣಪತ್ರಗಳಲ್ಲೂ ನಾವು ಮೊದಲು ಬರೆದದ್ದೇ ಇತ್ತು.

ಬಿಸಿಲಿನಲ್ಲಿ ಬೆಂದ ಮುಖ ವಯಸ್ಸಿಗಿಂತ ಹೆಚ್ಚು ಕಾಣುತ್ತದೆ. ಇವರದು ನನಗೆ ನಲವತ್ತೆರಡರ ಮುಖದ ಹಾಗೆ ಕಂಡಿತು. 1-6-1948 ಎಂದು ಬರೆದೆ. ಅವರು ಅಂದೇ ನನಗೆ ಹೇಳಿದ್ದರಂತೆ: ‘ಎಪ್ಪತ್ತೆರಡರ ಬರದಾಗ ನಾ ಸಣ್ಣ ಹುಡುಗ ಅಂತ ಅರ್ಧ ಕೂಲಿ ಕೊಟ್ಟಾರ‍್ರೀ ಸಾಹೇಬ್ರ, ಮೀಸಿ ಬಂದಿರಲಿಲ್ಲ.’ ಹೇಳಿದ್ದು ನಿಜ, ನನಗೆ ಈಗ ಚೆನ್ನಾಗಿ ನೆನಪಿದೆ. ಯಾಕೆಂದರೆ ಅರ್ಧ ಕೂಲಿಯ ಮಾತಿಗೆ ಅಂದು ಅಲ್ಲಿದ್ದವರೆಲ್ಲ ನಕ್ಕಿದ್ದರು, ನಾನೂ ನಕ್ಕಿದ್ದೆ. ಬರಗಾಲದ ಕಾಮಗಾರಿಯಲ್ಲಿ ಅರ್ಧ ಕೂಲಿ ಪಡೆದ ಹುಡುಗನಿಗೆ 24 ವರ್ಷ ಇರಲು ಸಾಧ್ಯವಿಲ್ಲ. ಹದಿನಾರು ಹದಿನೇಳು ಇರಬೇಕು. ಒಂದು ಕಳೆಯುವ ಲೆಕ್ಕ. ನಾಲೆಯ ಹರಿವನ್ನು ದಶಾಂಶ ಮೂರು ಸ್ಥಾನದವರೆಗೆ ಲೆಕ್ಕ ಹಾಕುತ್ತಿದ್ದ ನಾನು ಆ ಲೆಕ್ಕ ಮಾಡಲಿಲ್ಲ. ಅವರು ಹುಟ್ಟಿದ್ದು 1955ರ ಸುಮಾರಿಗೆ.

ನಿವೃತ್ತಿಯ ವಯಸ್ಸು ಆಗ 58. ಕಾಗದದ ಪ್ರಕಾರ 2006ರ ಮೇ 31ರಂದು ಅವರು ಮನೆಗೆ ಹೋದರು. ನಿಜವಾದ ವಯಸ್ಸು 51. ಎರಡು ವರ್ಷದ ಮೇಲೆ, 2008ರಲ್ಲಿ, ಸರ್ಕಾರ ನಿವೃತ್ತಿಯ ವಯಸ್ಸನ್ನು 60ಕ್ಕೆ ಏರಿಸಿತು. ನಾನು ಸರಿಯಾಗಿ ಬರೆದಿದ್ದರೆ ಅವರು 2015ರವರೆಗೆ ಕೆಲಸದಲ್ಲಿ ಇರುತ್ತಿದ್ದರು. ಮಾಸ್ತರರು ನನ್ನ ಐದು ತಿಂಗಳು ತೆಗೆದರು, ಬದಲಿಗೆ ಶಾಲೆ ಕೊಟ್ಟರು. ನಾನು ತೆಗೆದದ್ದು ಒಂಬತ್ತು ವರ್ಷ. ಪಿಂಚಣಿಗೂ ಪೆಟ್ಟು ಬಿತ್ತು. ಅಂದಿನ ನಿಯಮದಲ್ಲಿ ಪೂರ್ಣ ಪಿಂಚಣಿಗೆ 33 ವರ್ಷದ ಸೇವೆ ಬೇಕಿತ್ತು. ಸೇವೆ ಕಡಿಮೆಯಾದಷ್ಟು ಪಿಂಚಣಿ ಇಳಿಯುತ್ತದೆ. ಕಾಯಂ ಆದ ಮೇಲಿನ ಅವರ ಸೇವೆ ಹದಿನೈದೂವರೆ ವರ್ಷಕ್ಕೆ ನಿಂತಿತು, ಇಪ್ಪತ್ತನಾಲ್ಕು ದಾಟಬೇಕಿತ್ತು.

ಬ್ಯಾಂಕಿನ ಎದುರಿನ ಚಹಾದಂಗಡಿಯಲ್ಲಿ ಕೂತು ಇದನ್ನೆಲ್ಲ ಅವರು ಸಿಟ್ಟಿಲ್ಲದೆ ಹೇಳಿದರು. 2006ರಲ್ಲಿ ಮಗ ಹತ್ತನೆಯ ಇಯತ್ತೆ ಮುಗಿಸಿದ್ದ. ಸಂಬಳ ನಿಂತಿತು, ಹುಡುಗ ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಹೋದ. ಈಗಲೂ ಅಲ್ಲೇ ಇದ್ದಾನೆ, ಸೆಂಟ್ರಿಂಗ್ ಮೇಸ್ತ್ರಿ ಆಗಿದ್ದಾನೆ. ‘ಒಂದು ಛಲೋ ಆತ್ರೀ,’ ಎಂದರು, ‘ಬಸ್ಸಿನ್ಯಾಗ ಹಿರೇರ ರಿಯಾಯ್ತಿ ಮಾತ್ರ ನನಗ ಲಗೂನ ಸಿಕ್ತು.’ ಮತ್ತೆ ಅವರೇ ನಕ್ಕರು. ಚಹಾದ ರೊಕ್ಕವನ್ನೂ ಅವರೇ ಕೊಟ್ಟರು. ನಾನು ಕೊಡಲು ಹೋದರೆ ‘ನೀವು ನಮ್ಮ ಸಾಹೇಬ್ರು’ ಎಂದು ತಡೆದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ ಎಂದು ಬರೆದರೆ ಕಥೆಯ ಹಾಗಾಗುತ್ತದೆ. ನಿದ್ದೆ ಬಂತು, ಬೆಳಗಿನ ನಾಲ್ಕಕ್ಕೆ ಎಚ್ಚರವಾಯಿತು. ಎದ್ದು ಟ್ರಂಕಿನಿಂದ ಹಳೆಯ ಡೈರಿಗಳನ್ನು ತೆಗೆದೆ. ಆತ್ಮಕಥೆಗೆಂದು ಜೋಪಾನ ಮಾಡಿದ್ದವು. 1990ರ ಡೈರಿಯೊಳಗೆ ಆ ಪಟ್ಟಿಯ ಕಾರ್ಬನ್ ಪ್ರತಿ ಮಡಿಚಿ ಇಟ್ಟಿತ್ತು. 23 ಹೆಸರು, 23 ಜೂನ್ 1. ನನ್ನದೇ ಕೈಬರಹ, ದುಂಡಾಗಿ, ಒಂದು ಚಿತ್ತು ಇಲ್ಲ.

ಮೊದಲು ನೋಡಿದ್ದು ಕಾನೂನಿನಲ್ಲಿ ದಾರಿ ಇದೆಯೇ ಎಂದು. ಲೆಕ್ಕಪತ್ರ ವಿಭಾಗದಲ್ಲಿದ್ದ ಹಳೆಯ ಗೆಳೆಯರನ್ನು ಕೇಳಿದೆ. ರಾಜ್ಯ ಸರ್ಕಾರಿ ನೌಕರರ ವಯಸ್ಸು ನಿರ್ಧರಿಸುವ 1974ರ ಕಾಯ್ದೆಯಂತೆ, ದಾಖಲೆಯಲ್ಲಿ ಒಮ್ಮೆ ಒಪ್ಪಿದ ತಾರೀಖನ್ನು ಬದಲಿಸಬೇಕಾದರೆ ಮೂರು ವರ್ಷದೊಳಗೆ ಅರ್ಜಿ ಹಾಕಬೇಕು. ಆ ಮೂರು ವರ್ಷ 1990ರ ದಶಕದ ಮೊದಲ ಭಾಗದಲ್ಲೇ ಮುಗಿದವು. ಹೆಬ್ಬೆಟ್ಟು ಒತ್ತುವ ಮನುಷ್ಯನಿಗೆ ಅಂಥದೊಂದು ಕಾಯ್ದೆ ಇದೆಯೆಂದು ಹೇಳುವವರು ಯಾರಿದ್ದರು? ಹೇಳಬೇಕಾದವನು ನಾನೇ. ನಿವೃತ್ತಿಯ ಹೊತ್ತಿಗೆ ಇಲ್ಲದ ವಯಸ್ಸನ್ನು ಕಾಗದದಲ್ಲಿ ಇಳಿಸಿಕೊಳ್ಳುವವರನ್ನು ತಡೆಯಲು ಅಂಥ ಕಟ್ಟು ಬೇಕು, ಅದನ್ನು ನಾನು ಒಪ್ಪುತ್ತೇನೆ. ಆದರೆ ಏರಿಸಿ ಬರೆಸಿಕೊಂಡವರಿಗೂ ಅದೇ ಕಟ್ಟು.

ಮಗ ಹೇಳಿದ: ‘ಅಪ್ಪಾಜಿ, ಆಗ ಎಲ್ಲರೂ ಹಾಗೇ ಬರೆದಿದ್ದಾರೆ, ನೀವೊಬ್ಬರೇ ಅಲ್ಲ. ಈ ವಯಸ್ಸಿನಲ್ಲಿ ಇದನ್ನು ತಲೆಗೆ ಹಚ್ಚಿಕೊಂಡು ಬಿಪಿ ಏರಿಸಿಕೊಳ್ಳಬೇಡಿ.’ ಮಗನಿಗೆ ನನ್ನ ಮೇಲೆ ಅಕ್ಕರೆ ಇದೆ. ಆದರೆ ಎಲ್ಲರೂ ಬರೆದಿದ್ದಾರೆ ಎಂಬುದು ನನಗೆ ಸಮಾಧಾನ ಕೊಡಲಿಲ್ಲ, ಹೆದರಿಕೆ ಹುಟ್ಟಿಸಿತು. ಅಂಥ ಸಂಜೆಗಳು ಎಷ್ಟು ಕಚೇರಿಗಳಲ್ಲಿ ನಡೆದಿರಬಹುದು? ಲಂಚ ಮುಟ್ಟಲಿಲ್ಲ, ಸುಳ್ಳು ಬಿಲ್ಲಿಗೆ ಸಹಿ ಹಾಕಲಿಲ್ಲ ಎಂದು ನನ್ನಂಥವರು ಶಿವಾನುಭವ ಗೋಷ್ಠಿಗಳಲ್ಲಿ ಎದೆಯುಬ್ಬಿಸಿ ಹೇಳುತ್ತೇವೆ. ನನ್ನ ಮಟ್ಟಿಗೆ ಆ ಮಾತು ನಿಜ. ಆದರೆ ಜೋಳಿಗೆಗೆ ಹಾಕಬೇಕಾದದ್ದು ನನ್ನಲ್ಲೂ ಇತ್ತು. ಕೆಳಗಿನ ಮನುಷ್ಯ ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳದ ಚಟ ಅದು. ಅದಕ್ಕೆ ಬೀಡಿಯ ಹಾಗೆ ವಾಸನೆ ಬರುವುದಿಲ್ಲ, ಅಷ್ಟೇ.

ಆಮೇಲೆ ಒಂದು ಕೆಲಸ ಹಿಡಿದೆ. ಆ 23 ಮಂದಿಯನ್ನು ಹುಡುಕುವುದು. ಬ್ಯಾಂಕಿನಲ್ಲಿ ಸಿಕ್ಕವರೇ ನನ್ನ ಜೊತೆ ಬಂದರು. ಯಾರು ಯಾವ ಊರು ಎಂಬುದು ಅವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಏಳು ತಿಂಗಳಲ್ಲಿ 14 ಮನೆ ಸಿಕ್ಕಿವೆ. ಒಂಬತ್ತು ಮಂದಿ ಇದ್ದಾರೆ, ಐದು ಮಂದಿ ತೀರಿಕೊಂಡಿದ್ದಾರೆ. ಕ್ಷಮೆ ಕೇಳಲು ಹೋದವನು ಮೊದಲ ಎರಡು ಮನೆಗಳಲ್ಲಿ ಕೇಳಿದೆ. ಅವರಿಗೆ ಮುಜುಗರವಾಯಿತು, ಒಬ್ಬ ಅಜ್ಜ ನನ್ನ ಕಾಲು ಮುಟ್ಟಲು ಬಂದ. ನನ್ನ ಮನಸ್ಸು ಹಗುರವಾಗಲೆಂದು ಅವರ ಮನೆಗೆ ಹೋಗಿ ಅವರನ್ನು ಕಷ್ಟಕ್ಕೆ ಸಿಲುಕಿಸುತ್ತಿದ್ದೇನೆ ಎನ್ನಿಸಿತು. ಮೂರನೆಯ ಮನೆಯಿಂದ ಆ ಮಾತು ಬಿಟ್ಟೆ. ‘ನಿಮ್ಮ ಪಿಂಚಣಿ ಪುಸ್ತಕ, ಆಧಾರ್, ಬ್ಯಾಂಕ್ ಪುಸ್ತಕ ತೋರಿಸ್ರಿ’ ಎಂದೆ.

ಅಲ್ಲಿ ಕಂಡದ್ದು ಬೇರೆಯದೇ ಲೋಕ. ಪಿಂಚಣಿ ಪುಸ್ತಕದಲ್ಲಿ ನಾನು ಬರೆದ ತಾರೀಖು, ಆಧಾರಿನಲ್ಲಿ ಆಪರೇಟರ್ ಹುಡುಗ ಬರೆದದ್ದು, ಮತದಾರರ ಚೀಟಿಯಲ್ಲಿ ಇನ್ನೊಂದು. ಒಬ್ಬ ಮನುಷ್ಯನಿಗೆ ಮೂರು ಹುಟ್ಟುಹಬ್ಬ. ಹೆಸರುಗಳ ಪಾಡೂ ಅದೇ. ತೀರಿಕೊಂಡ ಐವರಲ್ಲಿ ಮೂವರ ಪತ್ನಿಯರಿಗೆ ಕುಟುಂಬ ಪಿಂಚಣಿ ಬರುತ್ತಿತ್ತು. ನಾಲ್ಕನೆಯ ತಾಯಿಯದು ಹೆಸರು ತಾಳೆಯಾಗದೆ ಎರಡು ವರ್ಷದಿಂದ ನಿಂತಿತ್ತು. ದಾಖಲೆಯಲ್ಲಿ ಗಂಡನ ಮನೆಯವರು ಕರೆದ ಹೆಸರು, ಆಧಾರಿನಲ್ಲಿ ತವರಿನ ಹೆಸರು. ಐದನೆಯ ತಾಯಿ ಅರ್ಜಿಯನ್ನೇ ಹಾಕಿರಲಿಲ್ಲ. ಗಂಡನ ಜೊತೆ ರೊಕ್ಕವೂ ಮುಗಿಯಿತು ಎಂದುಕೊಂಡಿದ್ದರು. ನಾಲ್ಕನೆಯದು ಏಪ್ರಿಲ್‌ನಲ್ಲಿ ಸರಿಯಾಯಿತು, ಬಾಕಿಯೂ ಬಂತು. ಐದನೆಯದು ಖಜಾನೆ ಮತ್ತು ಕಚೇರಿಯ ನಡುವೆ ಓಡಾಡುತ್ತಿದೆ, ಅದರ ಹಿಂದೆ ನಾನು. ಅರ್ಜಿ ಬರೆಯುವುದು, ಅಫಿಡವಿಟ್ ಮಾಡಿಸುವುದು, ಯಾವ ಮೇಜಿನಲ್ಲಿ ಕಡತ ನಿಂತಿದೆ ಎಂದು ಪತ್ತೆ ಹಚ್ಚುವುದು: ಇವು ಮೂವತ್ತೈದು ವರ್ಷದ ಸರ್ಕಾರಿ ಚಾಕರಿ ನನಗೆ ಕಲಿಸಿದ ವಿದ್ಯೆ. ನನಗೆ ಹಾರ್ಮೋನಿಯಂ ಬರಲಿಲ್ಲ, ಇದು ಬರುತ್ತದೆ.

ಇನ್ನು ಓದುಗ ಬಂಧುಗಳಿಗೆ, ಅದರಲ್ಲೂ ನನ್ನ ಹಾಗೆ ನಿವೃತ್ತರಾದ ಶಿಕ್ಷಕರು, ತಹಶೀಲ್ದಾರರು, ಗುಮಾಸ್ತರು, ಎಂಜಿನಿಯರುಗಳಿಗೆ ನನ್ನದೊಂದು ಬೇಡಿಕೆ. ಅರವತ್ತಕ್ಕೆ, ಎಪ್ಪತ್ತಕ್ಕೆ ಮಠದ ಕಲ್ಯಾಣ ಮಂಟಪ ಹಿಡಿದು ತುಲಾಭಾರ ಮಾಡಿಸುವವರು ನಮ್ಮಲ್ಲಿ ಬಹಳ ಇದ್ದಾರೆ. ಆ ಹಣವನ್ನು ದಾಸೋಹಕ್ಕೆ ಕೊಡಿರಿ ಎಂದು ಪೂಜ್ಯರು ಹೇಳುತ್ತಲೇ ಬಂದಿದ್ದಾರೆ, ಕೆಲವರು ಕೊಡುತ್ತಲೂ ಇದ್ದಾರೆ. ನಾನು ಕೇಳುವುದು ಹಣವನ್ನಲ್ಲ. ತಿಂಗಳಿಗೆ ಒಂದು ಅಮಾವಾಸ್ಯೆ, ಮಠಕ್ಕೆ ಹಳ್ಳಿಯ ಜನ ಹೇಗೂ ಬರುವ ದಿನ, ಪ್ರಸಾದ ನಿಲಯದ ಒಂದು ಮೂಲೆಯಲ್ಲಿ ಒಂದು ಮೇಜು ಹಾಕಿ ಕೂಡೋಣ. ಬಂದವರ ಕಾಗದ ನೋಡೋಣ. ಪಿಂಚಣಿ, ವಿಧವಾ ವೇತನ, ಹೊಲದ ಉತಾರ, ಮಕ್ಕಳ ಜನನ ದಾಖಲೆ, ಏನೇ ಇರಲಿ. ಜಾತಿ ಮತ ಕೇಳುವ ಮಾತೇ ಇಲ್ಲ. ನನ್ನ 23 ಮಂದಿಯಲ್ಲಿ ನಮ್ಮ ಸಮಾಜದವರು ನಾಲ್ಕೇ ಜನ. ಪಿಯುಸಿ ಓದುವಾಗ ಎರಡು ವರ್ಷ ಮಠವೊಂದರ ಪ್ರಸಾದ ನಿಲಯದಲ್ಲಿ ಪುಕ್ಕಟೆ ಉಂಡವನು ನಾನು. ಲೆಕ್ಕ ಹಾಕಿದರೆ ಸಾವಿರದ ಇನ್ನೂರು ಊಟ. ಅಂದು ಬಡಿಸಿದ ಯಾರೂ ನನ್ನ ಜಾತಕ ಕೇಳಲಿಲ್ಲ.

ಇದು ಸಣ್ಣ ಕೆಲಸವೆಂದು ಕೆಲವರಿಗೆ ಅನ್ನಿಸೀತು. ಒಬ್ಬ ಹಿರಿಯ ಗೆಳೆಯರು ಅಂದೇ ಬಿಟ್ಟರು: ‘ನೀವು ಕಾರ್ಯಪಾಲಕ ಎಂಜಿನಿಯರ್ ಆಗಿದ್ದವರು, ಏಜೆಂಟರ ಹಾಗೆ ಅರ್ಜಿ ಹಿಡಿದು ಓಡಾಡೋದು ಚಂದ ಕಾಣುದಿಲ್ಲ.’ ಮೊದಮೊದಲು ನನಗೂ ಹಾಗೆ ಅನ್ನಿಸುತ್ತಿತ್ತು. ನನ್ನ ಕೈಕೆಳಗೆ ಇದ್ದ ಗುಮಾಸ್ತನ ಮೇಜಿನ ಮುಂದೆಯೇ ಒಮ್ಮೆ ಮುಕ್ಕಾಲು ತಾಸು ನಿಂತೆ. ಕುರ್ಚಿ ಇತ್ತು, ಕೂಡಿರಿ ಎನ್ನಲಿಲ್ಲ. ಜನ ಮೂವತ್ತೈದು ವರ್ಷ ನನ್ನ ಮೇಜಿನ ಮುಂದೆ ಹೇಗೆ ನಿಂತಿರಬಹುದು ಎಂಬುದು ಕಾಲಿಗೆ ಗೊತ್ತಾಯಿತು. ಮೊಣಕಾಲು ನೋಯುವ ವಯಸ್ಸಿನಲ್ಲಿ ಗೊತ್ತಾದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ.

ಹಳೆಯ ಹತ್ತು ಗುರಿಗಳ ಪಟ್ಟಿಯನ್ನು ಅಳಿಸಿಲ್ಲ. ಮೂರನೆಯ ಸಂಪುಟ ಮತ್ತೆ ಹಿಡಿದಿದ್ದೇನೆ, ದಿನಕ್ಕೆ ಎರಡು ಪುಟ. ನಡಿಗೆಯೂ ಇದೆ, ಯಾಕೆಂದರೆ ಇನ್ನೂ ಒಂಬತ್ತು ಮನೆ ಹುಡುಕಬೇಕು, ಕೆಲವು ಊರಿಗೆ ಬಸ್ಸು ಊರ ಹೊರಗೇ ನಿಲ್ಲುತ್ತದೆ. ಆದರೆ ಮೇಲಿನ ಸಾಲಿನಲ್ಲಿ ಈಗ ಇರುವುದು ಆ 23 ಹೆಸರು. ಮುಗಿಸುವ ದಿನ ಎಂಬ ಕಾಲಂ ಖಾಲಿ ಬಿಟ್ಟಿದ್ದೇನೆ. ಸಿಕ್ಕವರನ್ನೆಲ್ಲ ನಿಜವಾಗಿ ಯಾವಾಗ ಹುಟ್ಟಿದಿರಿ ಎಂದು ಕೇಳಿ ಬರೆದುಕೊಂಡಿದ್ದೇನೆ. ಅದರಿಂದ ಯಾವ ಕಚೇರಿಯಲ್ಲೂ ಏನೂ ಆಗುವುದಿಲ್ಲ, ಗೊತ್ತು. ಒಬ್ಬರು ಕಾರಹುಣ್ಣಿಮೆಗೆ ಎಂದರು. ಒಬ್ಬರು ಊರಿಗೆ ಪ್ಲೇಗಿನ ಸೂಜಿ ಹಾಕುವವರು ಬಂದಾಗ ಎಂದರು. ಬ್ಯಾಂಕಿನಲ್ಲಿ ಸಿಕ್ಕವರು ‘ಬಿಳಿಜ್ವಾಳದ ರಾಶಿ ಮುಂದ’ ಎಂದರು. ಅಂದರೆ ಫೆಬ್ರವರಿ ಮುಗಿಯುವ ಹೊತ್ತು. ಕಾರ್ಬನ್ ಪ್ರತಿಯ ಪಕ್ಕದಲ್ಲಿ ಪೆನ್ಸಿಲಿನಿಂದ ಹಾಗೆಯೇ ಬರೆದೆ.

ಜೂನ್ 1ರ ಸಂಜೆ ಏಳರ ಸುಮಾರಿಗೆ ಬಂದ ಕರೆ ಅವರದೇ. ಹಿಂದಿನಿಂದ ಮೊಮ್ಮಗಳು ಏನೋ ಹೇಳಿಕೊಡುತ್ತಿದ್ದುದು ಕೇಳುತ್ತಿತ್ತು.

‘ಸಾಹೇಬ್ರ, ಹ್ಯಾಪಿ ಬರ್ತ್‌ಡೇ ರೀ.’

ನನಗೆ ಗಂಟಲು ಕಟ್ಟಿತು. ‘ನಿಮಗೂ’ ಎಂದೆ.

‘ಹೌದಲ್ರೀ ಮತ್ತ, ನಮ್ಮದೂ ಇವತ್ತs. ನೀವs ಬರದೀರಿ.’ ಅವರು ನಕ್ಕರು. ನಕ್ಕು, ‘ನಾಳಿ ಬರ್ತೀರೇನ್ರಿ? ಆ ಗುಡ್ಡದ ಕೆಳಗಿನ ಊರಾಗ ಒಬ್ಬಾಂವ ಅದಾನ ಅಂತ ಸುದ್ದಿ ಹತ್ತೇತಿ. ಬೆಳಿಗ್ಗೆ ಏಳರ ಬಸ್ಸು’ ಎಂದರು.